ಗ್ಯಾಸ್ ಅಲ್ಲ ಭಾವ

ನಾನು ವೀಳ್ಯಕ್ಕೆ ಸುಣ್ಣ ಜಾಸ್ತಿ ಹಚ್ಚಿದ್ದರಿಂದಲೇ ಹೃದಯದ ರಕ್ತನಾಳದಲ್ಲಿ ಸುಣ್ಣ ಕೂತಿತು ಎಂದು ನನ್ನ ಭಾವ ಸವಣೂರು ಪೇಟೆಯಿಡೀ ಹೇಳಿಕೊಂಡು ಬಂದಿದ್ದಾರೆ. ಹಾಗೇನೂ ಇಲ್ಲ. (ಹೊಗೆಸೊಪ್ಪಿನ ಮಾತು ಬೇರೆ, ಅದು ಹೃದಯಕ್ಕೆ ಕೆಟ್ಟದ್ದೇ.) ನನ್ನ ಹಾಗೆ ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ನಾಳದ ಗೋಡೆಯ ಸ್ನಾಯುಕೋಶಗಳು ಮೂಳೆಯ ಕೋಶಗಳಂತೆ ಕೆಲಸ ಮಾಡತೊಡಗುತ್ತವೆ, ಅಲ್ಲೇ ಕ್ಯಾಲ್ಸಿಯಂ ಕಟ್ಟುತ್ತದೆ. ಕಿಡ್ನಿ ಸೋತವರಿಗೆ ಇನ್ನೂ ಬೇಗ.

ಕಾಲು ಮೊದಲೇ ಹೇಳಿತ್ತು. ತೋಟದಿಂದ ಗುಡ್ಡ ಹತ್ತುವಾಗ ಮೀನಖಂಡ ಹಿಡಿಯುತ್ತಿತ್ತು, ನಿಂತರೆ ಬಿಡುತ್ತಿತ್ತು. ಒಂದು ಶಿಬಿರದಲ್ಲಿ ಕೈಯ ಬಿಪಿ, ಕಾಲಿನ ಬಿಪಿ ಎರಡನ್ನೂ ಅಳೆದ ಹುಡುಗ, ಕಾಲಿನದ್ದೇ ಹೆಚ್ಚಿದೆ, ರಕ್ತ ಧಾರಾಳ ಹೋಗುತ್ತಿದೆ ಎಂದು ಕಳಿಸಿದ. ಗಟ್ಟಿಯಾದ ನಾಳ ಬಿಪಿ ಪಟ್ಟಿಯ ಒತ್ತಡಕ್ಕೆ ಬಗ್ಗುವುದಿಲ್ಲ, ಅಂಕಿ ಏರುವುದು ಅದಕ್ಕೇ. ಕಾಲಿನ ಬಿಪಿಯನ್ನು ಕೈಯದರಿಂದ ಭಾಗಿಸಿದ ಅನುಪಾತ 1.4 ದಾಟಿದರೆ ಕಾಲ್ಬೆರಳಿನ ಒತ್ತಡ ನೋಡಬೇಕು. ಅವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಬ್ಯಾನರ್ ಮಾತ್ರ ದೊಡ್ಡದಿತ್ತು.

ಹೃದಯಾಘಾತವಾದ ರಾತ್ರಿ ಎದೆನೋವು ಎಂಬುದೇ ಇಲ್ಲ. ಬನಿಯನ್ ಹಿಂಡುವಷ್ಟು ಬೆವರು, ವಾಕರಿಕೆ, ದವಡೆಯಲ್ಲಿ ಎಂಥದೋ ಸೆಳೆತ. "ಗ್ಯಾಸ್ ಭಾವ, ಜೀರಿಗೆ ಕಷಾಯ ಕುಡಿದು ಮಲಗಿ" ಎಂದರು ನಮ್ಮ ಭಾವ ಪಂಡಿತರು. ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದ್ದರೆ ಹೃದಯಾಘಾತಕ್ಕೂ ನೋವು ಬಾರದಿರಬಹುದು. ಹೆಂಡತಿ ಅವರ ಮಾತು ಕೇಳದೆ ಜೀಪು ಕರೆಸಿದಳು. ಪುತ್ತೂರಿನಲ್ಲಿ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್, ಅಲ್ಲಿಂದ ಮಂಗಳೂರು.

ಸ್ವಲ್ಪ ಸುಧಾರಿಸಿದ ಮೇಲೆ ಆಂಜಿಯೋಪ್ಲಾಸ್ಟಿ. ಮಣಿಕಟ್ಟು ಮಾತ್ರ ಮರಗಟ್ಟಿಸಿದ್ದರು, ನನಗೆ ಪೂರ್ತಿ ಎಚ್ಚರ. ಬಲೂನು ಉಬ್ಬಿಸಿದರೂ ನಾಳ ತೆರೆಯಲಿಲ್ಲ. ಪರದೆಯಲ್ಲಿ ಬಲೂನಿನ ನಡು ಸೊಂಟ ಕಟ್ಟಿದ ಹಾಗೆ ಕಿರಿದಾಗಿಯೇ ನಿಂತಿತು. "ಕೊರೆಯಲೇಬೇಕು" ಎಂದರು ಡಾಕ್ಟರು. ವಜ್ರದ ಪುಡಿ ಕೂರಿಸಿದ ಸಣ್ಣ ಬೈರಿಗೆ, ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು. ಕೀಂ ಎಂಬ ಸದ್ದು ಏರುತ್ತದೆ, ತಡವರಿಸುತ್ತದೆ, ನಿಲ್ಲುತ್ತದೆ, ಮತ್ತೆ ಏರುತ್ತದೆ. ಬೋರ್‌ವೆಲ್ಲಿನವರು ಪಾದೆಕಲ್ಲಿಗೆ ತಾಗಿದಾಗ ಹೀಗೆಯೇ. ಆದರೆ ಇಲ್ಲಿ ಜಾಗ ನನ್ನ ಎದೆ. ನಡುವೆ ಬಡಿತ ನಿಧಾನವಾಯಿತು. "ಕೆಮ್ಮಿ, ಜೋರಾಗಿ ಕೆಮ್ಮಿ!" ಎಂದು ನರ್ಸ್ ಕೂಗಿದರು. ಅಷ್ಟು ಶ್ರದ್ಧೆಯಿಂದ ನಾನು ಜನ್ಮದಲ್ಲಿ ಕೆಮ್ಮಿದವನಲ್ಲ. ಆಮೇಲೆ ಸ್ಟೆಂಟ್ ಕೂತಿತು.

ಸಕ್ಕರೆ ಕಾಯಿಲೆಯವರು ಇಂಥ ಬೆವರು ಬಂದರೆ ಕಷಾಯ ಬಿಟ್ಟು ಇಸಿಜಿಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರುವ ತಾಲೂಕು ಆಸ್ಪತ್ರೆಗಳಲ್ಲಿ ಆ ದುಬಾರಿ ಇಂಜೆಕ್ಷನ್ ಉಚಿತ. ಇನ್ನೂ ಲಕ್ಷಣ ಕಾಣದವರಿಗೆ ಸಿಟಿ ಸ್ಕ್ಯಾನಿನಲ್ಲಿ ಕ್ಯಾಲ್ಸಿಯಂ ಸ್ಕೋರ್ ನೋಡುವುದುಂಟು; ಸೊನ್ನೆ ಬಂದರೆ ಒಳ್ಳೆಯದು, 400 ದಾಟಿದರೆ ಅಪಾಯ ಹೆಚ್ಚು. ಕೊಲೆಸ್ಟರಾಲಿಗೆ ಕೊಡುವ ಸ್ಟಾಟಿನ್ ತಿಂದರೆ ಆ ಸ್ಕೋರ್ ಇಳಿಯುವುದಿಲ್ಲ, ಕೆಲವೊಮ್ಮೆ ಏರುವುದೂ ಇದೆ. ಹಾಗೆಂದು ಮಾತ್ರೆ ಬಿಡಬೇಡಿ. ಅದು ಹೃದಯಾಘಾತವನ್ನು ತಡೆಯಲು ಕೊಡುವುದು. ಭಾವ ತಮ್ಮ ಮಾತ್ರೆ ಬಿಟ್ಟು ಮೆಂತೆ ನೆನೆಹಾಕಿ ಕುಡಿಯುತ್ತಿದ್ದಾರಂತೆ.