ಪ್ರೌಢಶಾಲೆಯ ಗಣಿತ ಶಿಕ್ಷಕರಾಗುವುದು ಹೇಗೆ?

ಕರ್ನಾಟಕದಲ್ಲಿ ಪ್ರೌಢಶಾಲೆ ಎಂದರೆ ಎಂಟರಿಂದ ಹತ್ತನೆಯ ತರಗತಿಯವರೆಗಿನ ಶಿಕ್ಷಣ. ಈ ತರಗತಿಗಳಿಗೆ ಗಣಿತ ಬೋಧಿಸುವ ಸಹ ಶಿಕ್ಷಕರ ಹುದ್ದೆಯನ್ನು ಇಲಾಖೆಯ ರೂಢಿಯಲ್ಲಿ ‘ಪಿಸಿಎಂ ಹುದ್ದೆ’, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತವನ್ನು ಓದಿದವರ ಹುದ್ದೆ, ಎಂದು ಕರೆಯಲಾಗುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಾಗಲಿ, ನೆರೆಯ ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಯಾವುದೇ ಊರಿನಲ್ಲಾಗಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿ ಈ ಅರ್ಹತೆ ಪಡೆಯಲು ಸಾಮಾನ್ಯವಾಗಿ ಏಳು ವರ್ಷ ಬೇಕು: ಪಿಯುಸಿಗೆ ಎರಡು, ಬಿ.ಎಸ್ಸಿ.ಗೆ ಮೂರು, ಬಿ.ಇಡಿ.ಗೆ ಎರಡು. ಪ್ರಮಾಣಪತ್ರಗಳನ್ನು ಗಳಿಸುವ ಈ ದಾರಿ ಹೆಚ್ಚುಕಡಿಮೆ ಎಲ್ಲರಿಗೂ ತಿಳಿದದ್ದೇ. ಆದರೆ ಮಗುವಿನ ತಪ್ಪು ಎಲ್ಲಿಂದ ಹುಟ್ಟಿತೆಂದು ಗುರುತಿಸಿ ತಿದ್ದುವ ಸಾಮರ್ಥ್ಯ ಪದವಿಯ ಜೊತೆಗೆ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು ಎಂಬುದನ್ನು ಅಭ್ಯರ್ಥಿಗಳು ಮೊದಲ ದಿನದಿಂದಲೇ ನೆನಪಿನಲ್ಲಿಡಬೇಕು.

ವಿಷಯದ ಆಯ್ಕೆ

ಮೊದಲ ಹೆಜ್ಜೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೇ ಬರುತ್ತದೆ. ಪಿಯುಸಿಯಲ್ಲಿ ಗಣಿತವಿರುವ ವಿಜ್ಞಾನದ ಸಂಯೋಜನೆಯನ್ನು ಆರಿಸಿಕೊಳ್ಳದವರಿಗೆ ಮುಂದೆ ಬಿ.ಎಸ್ಸಿ. ಗಣಿತದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಪದವಿಯ ಹಂತದಲ್ಲಿ ಗಣಿತದೊಡನೆ ಗಣಕ ವಿಜ್ಞಾನವನ್ನೋ ಸಂಖ್ಯಾಶಾಸ್ತ್ರವನ್ನೋ ಓದುವವರು ಹೆಚ್ಚುತ್ತಿದ್ದರೂ, ಸರ್ಕಾರಿ ಪ್ರೌಢಶಾಲೆಯನ್ನೇ ಗುರಿಯಾಗಿಟ್ಟುಕೊಂಡವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರನ್ನೂ ಓದುವುದೇ ಕ್ಷೇಮ. ಏಕೆಂದರೆ ಹುದ್ದೆಯ ವರ್ಗೀಕರಣವೇ ಈ ಮೂರು ವಿಷಯಗಳ ಮೇಲೆ ನಿಂತಿದೆ, ಮತ್ತು ನೇಮಕಗೊಂಡ ಶಿಕ್ಷಕರು ಗಣಿತದ ಜೊತೆಗೆ ಭೌತವಿಜ್ಞಾನದ ಪಾಠಗಳನ್ನೂ ಮಾಡಬೇಕಾದ ಸಂದರ್ಭಗಳು ಗ್ರಾಮೀಣ ಶಾಲೆಗಳಲ್ಲಿ ಅಪರೂಪವಲ್ಲ. ರಾಜ್ಯ ಸರ್ಕಾರ 2024–25ರಿಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿರುವುದರಿಂದ ಈ ಸಂಯೋಜನೆ ಈಗ ಮತ್ತೆ ಸುಲಭವಾಗಿದೆ. ಅರಳಗುಪ್ಪೆಯ ಸುತ್ತಲಿನವರಿಗೆ ತಿಪಟೂರಿನ ಕಲ್ಪತರು ವಿಜ್ಞಾನ ಕಾಲೇಜು ಹತ್ತಿರದ್ದು. ಜಿಲ್ಲೆಯ ಪದವಿ ಕಾಲೇಜುಗಳು 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ.

ಪಿಯುಸಿ ಮುಗಿಯುವ ಹೊತ್ತಿಗೇ ಶಿಕ್ಷಕ ವೃತ್ತಿಯ ಬಗ್ಗೆ ನಿರ್ಧಾರ ಗಟ್ಟಿಯಾಗಿರುವವರಿಗೆ ಇನ್ನೊಂದು ದಾರಿಯಿದೆ. ಎನ್‌ಸಿಇಆರ್‌ಟಿಯ ಅಂಗವಾಗಿ 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ. ಮತ್ತು ಬಿ.ಇಡಿ.ಗಳನ್ನು ಒಟ್ಟುಗೂಡಿಸಿದ ನಾಲ್ಕು ವರ್ಷದ ಕೋರ್ಸ್ ಬಹುಕಾಲದಿಂದ ನಡೆದುಬಂದಿದೆ. ಇಂಥ ಸಂಯುಕ್ತ ಕೋರ್ಸ್‌ಗಳಿಗೆ ಈಗ ರಾಷ್ಟ್ರೀಯ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಒಂದು ವರ್ಷ ಉಳಿಯುತ್ತದೆ ಎಂಬುದಕ್ಕಿಂತ, ಗಣಿತವನ್ನು ಕಲಿಯುವಾಗಲೇ ಅದನ್ನು ಕಲಿಸುವ ಬಗೆಯನ್ನೂ ಯೋಚಿಸುವ ಅವಕಾಶ ಇಲ್ಲಿ ದೊರೆಯುತ್ತದೆ ಎಂಬುದೇ ಇದರ ನಿಜವಾದ ಲಾಭ. ತಿಪಟೂರಿನ ಸುತ್ತಲಿನ ತೆಂಗಿನ ಸೀಮೆಯ ಶಾಲೆಗಳಲ್ಲಿ ಈ ಪ್ರವೇಶ ಪರೀಕ್ಷೆಯ ಮಾಹಿತಿ ಇನ್ನೂ ಹೆಚ್ಚು ಮಕ್ಕಳನ್ನು ತಲುಪಬೇಕಾಗಿದೆ.

ಬಿ.ಇಡಿ. ಪ್ರವೇಶ

ಪದವಿಯ ನಂತರ ಬಿ.ಇಡಿ. ಮಾಡುವವರು ಪದವಿಯಲ್ಲಿ ಶೇ 50ರಷ್ಟು, ಮೀಸಲು ವರ್ಗದವರಾದರೆ ಶೇ 45ರಷ್ಟು ಅಂಕ ಪಡೆದಿರಬೇಕು. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕವು ಪ್ರವೇಶ ಪರೀಕ್ಷೆಯಿಲ್ಲದೆ, ಪದವಿಯ ಅಂಕಗಳ ಆಧಾರದ ಮೇಲೆಯೇ ಹಂಚುವುದರಿಂದ, ಬಿ.ಎಸ್ಸಿ.ಯ ಪ್ರತಿ ಸೆಮಿಸ್ಟರ್‌ನ ಅಂಕಕ್ಕೂ ಇಲ್ಲಿ ಬೆಲೆಯಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಕೋರ್ಸಿನ ಅವಧಿ ಒಂದರಿಂದ ಎರಡು ವರ್ಷಕ್ಕೆ ಏರಿತು. ಇದರಲ್ಲಿ ಇಪ್ಪತ್ತು ವಾರಗಳನ್ನು ಶಾಲೆಯಲ್ಲೇ ಕಳೆಯಬೇಕೆಂಬುದು ಆ ನಿಯಮಾವಳಿಯ ಆಶಯ. ಪ್ರಶಿಕ್ಷಣಾರ್ಥಿಗಳು ಬೋಧನಾಶಾಸ್ತ್ರಕ್ಕೆ, ಎಂದರೆ ನಿರ್ದಿಷ್ಟ ವಿಷಯವನ್ನು ಕಲಿಸುವ ಕ್ರಮದ ಅಧ್ಯಯನಕ್ಕೆ, ಗಣಿತ ಮತ್ತು ಭೌತವಿಜ್ಞಾನಗಳನ್ನು ಆರಿಸಿಕೊಳ್ಳುವುದು ರೂಢಿ.

ಕಲಿಸುವ ಅಭ್ಯಾಸ

ಬಿ.ಇಡಿ.ಯ ಆರಂಭದಲ್ಲಿ ಸೂಕ್ಷ್ಮ ಬೋಧನೆ ಇರುತ್ತದೆ: ಐದಾರು ನಿಮಿಷದ ಪಾಠದಲ್ಲಿ ಪ್ರಶ್ನೆ ಕೇಳುವುದು, ಕಪ್ಪುಹಲಗೆ ಬಳಸುವುದು, ಉದಾಹರಣೆ ಕೊಡುವುದು ಇಂಥ ಒಂದೊಂದೇ ಕೌಶಲವನ್ನು ಬಿಡಿಸಿ ರೂಢಿಸಿಕೊಳ್ಳುವ ಕ್ರಮವಿದು. ನಂತರ ಪಾಠ ಯೋಜನೆ, ಘಟಕ ಯೋಜನೆ, ಪ್ರಶ್ನೆಪತ್ರಿಕೆಯ ನೀಲನಕ್ಷೆಗಳ ಸರದಿ. ಇವೆಲ್ಲವೂ ದಾಖಲೆ ಪುಸ್ತಕ ತುಂಬಿಸುವ ಕೆಲಸವಾಗಿ ಮುಗಿದುಹೋಗುವ ಅಪಾಯವಿದ್ದು, ಹಿಂದಿನ ತಂಡದವರ ಪುಸ್ತಕ ನೋಡಿ ಬರೆದುಕೊಳ್ಳುವ ಚಾಳಿಯಿಂದ ನಷ್ಟವಾಗುವುದು ಬರೆದವರಿಗೇ.

ನೈದಾನಿಕ ಪರೀಕ್ಷೆ ಎಂಬ ಕೆಲಸಕ್ಕೆ ಪ್ರಶಿಕ್ಷಣಾರ್ಥಿ ಅತಿ ಹೆಚ್ಚು ಸಮಯ ಕೊಡಬೇಕು. ಅಂಕ ಕೊಡುವುದು ಇದರ ಉದ್ದೇಶವಲ್ಲ. ಮಗು ಎಲ್ಲಿ ಎಡವಿದೆ ಎಂಬುದನ್ನು ಕಂಡುಹಿಡಿಯುವುದಷ್ಟೇ ಇದರ ಕೆಲಸ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ 9 ಮತ್ತು 16ರ ಮೊತ್ತದ ವರ್ಗಮೂಲ 7 ಎಂದು ಬರೆದರೆ, ಅದು ಅಜಾಗರೂಕತೆಯಲ್ಲ. 3 ಮತ್ತು 4ನ್ನು ಬಿಡಿಬಿಡಿಯಾಗಿ ತೆಗೆದು ಕೂಡಿಸಬಹುದೆಂಬ ಒಂದು ನಂಬಿಕೆ ಅವನಲ್ಲಿದೆ. ಎ ಮತ್ತು ಬಿಗಳ ಮೊತ್ತದ ವರ್ಗವನ್ನು ಎರಡು ವರ್ಗಗಳ ಮೊತ್ತವೆಂದು ಬರೆಯುವ ತಪ್ಪಿಗೂ ಇದೇ ಬೇರು. ಸೂತ್ರವನ್ನು ಮತ್ತೊಮ್ಮೆ ಬರೆಸಿದರೆ ಈ ನಂಬಿಕೆ ಅಳಿಯುವುದಿಲ್ಲ. ಬಾಹುಗಳು 3 ಮತ್ತು 4 ಇರುವ ಲಂಬಕೋನ ತ್ರಿಭುಜವನ್ನು ಕಾಗದದಲ್ಲಿ ಬರೆದು, ವಿಕರ್ಣವನ್ನು ಅಳೆದು, 7 ಅಲ್ಲ 5 ಬರುವುದನ್ನು ಮಗು ತಾನೇ ಕಂಡರೆ ಮಾತ್ರ ಅಳಿಯುತ್ತದೆ. ಇಂಥ ತಪ್ಪುಗಳನ್ನು ತರಗತಿವಾರು ಬರೆದಿಟ್ಟುಕೊಂಡು, ಪ್ರತಿಯೊಂದರ ಹಿಂದಿನ ಕಾರಣವನ್ನೂ ಪರಿಹಾರ ಬೋಧನೆಯ ಬಗೆಯನ್ನೂ ಗುರುತು ಮಾಡಿಕೊಂಡ ಪ್ರಶಿಕ್ಷಣಾರ್ಥಿಗೆ ಆ ಟಿಪ್ಪಣಿಗಳು ಮುಂದಿನ ಮೂವತ್ತು ವರ್ಷ ನೆರವಾಗುತ್ತವೆ.

ಎರಡನೆಯ ಅಭ್ಯಾಸವೆಂದರೆ ಊರಿನಿಂದಲೇ ಪಾಠವನ್ನು ಕಟ್ಟುವುದು. ತೆಂಗಿನ ಸಸಿ ನೆಡುವ ಲೆಕ್ಕ ಈ ಸೀಮೆಯ ಮಕ್ಕಳಿಗೆ ಪರಿಚಿತವಾದದ್ದು. ಚೌಕ ಪದ್ಧತಿಯಲ್ಲಿ 30 ಅಡಿ ಅಂತರದಲ್ಲಿ ಗುಣಿ ತೆಗೆದರೆ ಒಂದು ಮರಕ್ಕೆ 900 ಚದರ ಅಡಿ ಸಲ್ಲುತ್ತದೆ. ಎಕರೆಗೆ 43,560 ಚದರ ಅಡಿ ಇರುವುದರಿಂದ ಸುಮಾರು 48 ಮರ ಹಿಡಿಸುತ್ತವೆ. ಎಂಟನೆಯ ತರಗತಿಗೆ ಇಷ್ಟು ಸಾಕು. ಅದೇ 30 ಅಡಿ ಅಂತರವನ್ನು ಉಳಿಸಿಕೊಂಡು, ಒಂದು ಸಾಲಿನ ಎರಡು ಮರಗಳ ನಡುವಿಗೆ ಎದುರಾಗಿ ಮುಂದಿನ ಸಾಲಿನ ಮರ ಬರುವಂತೆ ತ್ರಿಕೋನ ಪದ್ಧತಿಯಲ್ಲಿ ನೆಟ್ಟರೆ ಎಷ್ಟು ಮರ ಎಂಬ ಪ್ರಶ್ನೆಯನ್ನು ಒಂಬತ್ತನೆಯ ತರಗತಿಯ ಮುಂದಿಡಬಹುದು: ಹೆರಾನ್ ಸೂತ್ರದಿಂದ 30 ಅಡಿ ಬಾಹುವಿನ ಸಮಬಾಹು ತ್ರಿಭುಜದ ವಿಸ್ತೀರ್ಣ ಸುಮಾರು 390 ಚದರ ಅಡಿ ಎಂದು ಬರುತ್ತದೆ, ಪ್ರತಿ ತ್ರಿಭುಜಕ್ಕೆ ಮೂರು ಮರ, ಪ್ರತಿ ಮರ ಆರು ತ್ರಿಭುಜಗಳಿಗೆ ಹಂಚಿಕೆ, ಹಾಗಾಗಿ ಒಂದು ಮರಕ್ಕೆ ಎರಡು ತ್ರಿಭುಜ, ಅಂದರೆ ಸುಮಾರು 780 ಚದರ ಅಡಿ. ಹತ್ತನೆಯ ತರಗತಿಯವರು ಇದನ್ನೇ ತ್ರಿಕೋನಮಿತಿಯಿಂದ, 60 ಡಿಗ್ರಿಯ ಸೈನ್ ಬಳಸಿ, ಸಾಲುಗಳ ನಡುವಿನ ದೂರ 30ರಿಂದ 26 ಅಡಿಗೆ ಇಳಿಯುತ್ತದೆಂದು ತೋರಿಸಬಲ್ಲರು. ಎಕರೆಗೆ ಸುಮಾರು 56 ಮರವೆಂಬ ಉತ್ತರ ಎರಡು ದಾರಿಗಳಿಂದಲೂ ಒಂದೇ ಬಂದಾಗ ಮಕ್ಕಳ ಮುಖದಲ್ಲಿ ಕಾಣುವ ಸಂತೋಷಕ್ಕೆ ಯಾವ ಪಾಠೋಪಕರಣವೂ ಸಮನಲ್ಲ. ಬೇಲಿಯಂಚಿನಲ್ಲಿ ಲೆಕ್ಕ ಏಕೆ ತುಸು ಬದಲಾಗುತ್ತದೆ ಎಂಬ ಚರ್ಚೆಯನ್ನು ಶಿಕ್ಷಕರು ತಾವೇ ಮುಗಿಸದೆ ಮಕ್ಕಳಿಗೆ ಬಿಡಬೇಕು.

ಶೇಕಡಾ ಪಾಠಕ್ಕೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಸಾಕು: ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 2024ರ ಹಂಗಾಮಿನ 12,000 ರೂಪಾಯಿಯಿಂದ 2025ರ ಹಂಗಾಮಿಗೆ 12,100ಕ್ಕೆ ಏರಿದಾಗ ಹೆಚ್ಚಳ ನೂರು ರೂಪಾಯಿ, ಆದರೆ ಶೇಕಡಾವಾರಿನಲ್ಲಿ ಒಂದಕ್ಕಿಂತಲೂ ಕಡಿಮೆ. ಸಮಮಿತಿಯನ್ನು ಕಲಿಸಲು ಅರಳಗುಪ್ಪೆಯಲ್ಲೇ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿದೆ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 45 ಡಿಗ್ರಿ ತಿರುಗಿಸಿ ಮೊದಲಿನದರ ಮೇಲಿಟ್ಟರೆ ಎಂಟು ಮೂಲೆಯ ನಕ್ಷತ್ರ ಹುಟ್ಟುವುದನ್ನು ಕಾಗದದಲ್ಲಿ ಮಾಡಿ ನೋಡಿದ ಮಕ್ಕಳು ಹೊಯ್ಸಳ ಗುಡಿಗಳ ನಕ್ಷತ್ರಾಕಾರದ ತಳವಿನ್ಯಾಸವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಹೊಯ್ಸಳರ ಕಾಲದಲ್ಲಿಯೇ, 12ನೆಯ ಶತಮಾನದಲ್ಲಿ, ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನೆಂಬುದನ್ನೂ, ಕನ್ನಡದಲ್ಲಿ ಗಣಿತವನ್ನು ಹೇಳುವ ಪರಂಪರೆ ಇಂದು ನಿನ್ನೆಯದಲ್ಲವೆಂಬುದನ್ನೂ ಕನ್ನಡ ಮಾಧ್ಯಮದ ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕು.

ಪರೀಕ್ಷೆ ಮತ್ತು ನೇಮಕಾತಿ

ರಾಜ್ಯದ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆ ಆರರಿಂದ ಎಂಟನೆಯ ತರಗತಿಗಳ ಬೋಧನೆಗೆ ಕಡ್ಡಾಯ. ಒಟ್ಟು 150 ಅಂಕಗಳ ಈ ಪತ್ರಿಕೆಯಲ್ಲಿ ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಗಣಿತ ಮತ್ತು ವಿಜ್ಞಾನಕ್ಕೆ 60 ಅಂಕಗಳಿವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ ಅರ್ಹತಾ ಮಟ್ಟ ಶೇ 60. ಪ್ರಮಾಣಪತ್ರಕ್ಕೆ ಜೀವಿತಾವಧಿಯ ಮಾನ್ಯತೆ ಇದೆ. ಪ್ರೌಢಶಾಲೆಯ ಹುದ್ದೆಗಾಗಿ ಮಾತ್ರ ಕಾಯುತ್ತ ಕೂರದೆ ಈ ಪರೀಕ್ಷೆಯನ್ನೂ ಬರೆದಿಡುವುದು ಜಾಣತನ, ಏಕೆಂದರೆ ಸರ್ಕಾರಿ ಪ್ರೌಢಶಾಲಾ ನೇಮಕಾತಿಯ ಅಧಿಸೂಚನೆ ಪ್ರತಿ ವರ್ಷ ಹೊರಡುವುದಿಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳ ಗಣಿತ ಶಿಕ್ಷಕ ಹುದ್ದೆಗಾದರೆ ಕೇಂದ್ರದ ಅರ್ಹತಾ ಪರೀಕ್ಷೆ ಬೇಕು. ನೇಮಕಾತಿಯ ನಡುವಿನ ವರ್ಷಗಳಲ್ಲಿ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಾಗಿಯೋ ಅನುದಾನಿತ, ಖಾಸಗಿ ಶಾಲೆಗಳಲ್ಲಿಯೋ ದುಡಿಯುವವರಿಗೆ ಗೌರವಧನ ಸಾಲದೆಂಬುದು ನಿಜ. ಈ ಅವಧಿಯನ್ನು ಕಳೆದುಹೋದ ಕಾಲವೆಂದು ಎಣಿಸದೆ ತಪ್ಪುಗಳ ಟಿಪ್ಪಣಿ ಪುಸ್ತಕವನ್ನು ಬೆಳೆಸಲು ಬಳಸಿಕೊಳ್ಳಬೇಕು.

ಗ್ರಾಮೀಣ ಅಭ್ಯರ್ಥಿಗಳು ಕಡೆಗಣಿಸಬಾರದ ಎರಡು ದಾಖಲೆಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇರ ನೇಮಕಾತಿಯಲ್ಲಿ ಶೇ 25ರ, ಅದೇ ತರಗತಿಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿಯಿದ್ದು, ಎರಡಕ್ಕೂ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲುಸಹಿಯೂ ಇರಬೇಕು. ಅರ್ಜಿಯ ಕೊನೆಯ ವಾರದಲ್ಲಿ ಹಳೆಯ ಶಾಲೆಗೂ ತಿಪಟೂರಿನ ಬಿಇಒ ಕಚೇರಿಗೂ ಓಡಾಡುವ ಬದಲು, ಬಿ.ಇಡಿ. ಎರಡನೆಯ ವರ್ಷದಲ್ಲಿರುವಾಗಲೇ ಶಾಲಾ ದಾಖಲೆಗಳನ್ನು ಹೊಂದಿಸಿಕೊಂಡು, ಅಧಿಸೂಚನೆಯಲ್ಲಿ ಕೇಳುವ ನಮೂನೆಯನ್ನು ಸರಿನೋಡಿ, ಈ ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಪಡೆದುಕೊಳ್ಳಬೇಕು.