ಎಪಿಡ್ಯೂರಲ್ ತಗೊಂಡ್ರೆ ವಿಶ್ವಾಸ ಕಡಿಮೆ ಅಂತಾನಾ?

ಹೊಸಪೇಟೆಯ ನಮ್ಮ ಯುವ ದಂಪತಿಗಳ ಕೂಟದಲ್ಲಿ ಒಬ್ಬ ತಂಗಿ ಕೇಳಿದಳು: "ಬ್ರದರ್, ಹೆರಿಗೆ ನೋವಿಗೆ ಎಪಿಡ್ಯೂರಲ್ ತಗೊಂಡ್ರೆ ದೇವರ ಮಾತು ಮೀರಿದ ಹಾಗಾ?" ಅತ್ತೆ ಆದಿಕಾಂಡ 3:16 ತೋರಿಸಿದ್ದರಂತೆ.

ಅದರ ಮುಂದಿನ ವಚನವನ್ನೂ ಓದಿ. ಹವ್ವಳ ನೋವಿಗೆ ಇರುವ ಇಬ್ರಿಯ ಪದ 'ಇತ್ಸಾವೋನ್'. 17ನೇ ವಚನದಲ್ಲಿ ಆದಾಮನ ದುಡಿಮೆಯ ಕಷ್ಟಕ್ಕೂ ಅದೇ ಪದ! ಕಂಪ್ಲಿಯ ಗದ್ದೆಗೆ ಭತ್ತ ಕೊಯ್ಯೋ ಮಷಿನ್ ಇಳಿದ್ರೆ, ಸಂಡೂರಿನ ಗಣಿಗೆ ಜೆಸಿಬಿ ಬಂದ್ರೆ ಯಾರೂ ಪಾಪ ಅನ್ನಲ್ಲ. ಹೆಂಗಸಿನ ನೋವು ತಗ್ಗಿಸೋ ಸೂಜಿ ಮಾತ್ರ ಅವಿಶ್ವಾಸವಾ? 1847ರಲ್ಲಿ ಎಡಿನ್‌ಬರೋದಲ್ಲಿ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟ ಡಾಕ್ಟರ್ ಜೇಮ್ಸ್ ಸಿಂಪ್ಸನ್ ಇದೇ ಆಕ್ಷೇಪಣೆಗೆ ಆಗಲೇ ಉತ್ತರ ಬರೆದಿದ್ದರು. ಪಕ್ಕೆಲುಬು ತೆಗೆಯುವ ಮುಂಚೆ ದೇವರೇ ಆದಾಮನಿಗೆ ಗಾಢನಿದ್ರೆ ಬರಿಸಿದ್ದನ್ನು ನೆನಪಿಸಿದ್ದರು.

ಹಾಗಂತ ಎಲ್ಲರೂ ತಗೊಳ್ಳಲೇಬೇಕು ಅಂತಲ್ಲ. ಬೆನ್ನಿಗೆ ಸಣ್ಣ ನಳಿಕೆ ಇಟ್ಟು ಕೊಡೋ ಮದ್ದು ಅದು. ತಾಯಿ ಎಚ್ಚರವಾಗೇ ಇರ್ತಾಳೆ. ಬಿಪಿ ಇಳಿಯಬಹುದು, ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದ್ದವರಿಗೆ ಸಾಮಾನ್ಯವಾಗಿ ಕೊಡಲ್ಲ. ಡಾಕ್ಟರ್ ಹತ್ರ ಮಾತಾಡಿ ಆ ತಂಗಿಯೇ ತೀರ್ಮಾನ ಮಾಡಲಿ. ಅತ್ತೆಯೂ ನಾವೂ ಪ್ರಾರ್ಥಿಸೋಣ. ಗಂಡಂದಿರೇ, ನೋವು ಶುರುವಾಗೋ ತನಕ ಕಾಯಬೇಡಿ. ಅರಿವಳಿಕೆ ಡಾಕ್ಟರ್ ರಾತ್ರಿಯೂ ಸಿಗ್ತಾರಾ ಅಂತ ಈಗಲೇ ಆಸ್ಪತ್ರೆಯಲ್ಲಿ ವಿಚಾರಿಸಿ.