ಹೊಳೆಕಲ್ಲಿನ ಎರಡು ಪಾಷಾಣಭೇದಿ – ಕೀಳುವ ಮೊದಲು ಎಲೆ ನೋಡಿ

ಹೊಳೆಬದಿಯಲ್ಲಿ ತೋಟ ಇರುವವರಿಗೆ ಇದು ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಯಾರಾದರೊಬ್ಬರು ಹಾರೆ ಹಿಡಿದು ಬರುತ್ತಾರೆ. 'ಕಲ್ಲಿನ ಮದ್ದಿಗೆ ನಾಲ್ಕು ಬೇರು ಬೇಕಿತ್ತು' ಅನ್ನುತ್ತಾರೆ. ಬೇಡ ಅನ್ನಲಿಕ್ಕೆ ನಮಗೂ ಮನಸ್ಸು ಬರುವುದಿಲ್ಲ. ನಮ್ಮಲ್ಲಿಗೆ ಬಂದವರು ಒಮ್ಮೆ ಒಂದು ಗೋಣಿ ತುಂಬ ಕಿತ್ತುಕೊಂಡು ಹೋದರು. ಅವರು ಬಿಸಾಡಿ ಹೋದ ಸೊಪ್ಪು ನೋಡಿದರೆ ಅರ್ಧ ಒಂದು ಗಿಡದ್ದು, ಅರ್ಧ ಬೇರೆಯೇ ಗಿಡದ್ದು!

ಹೆಸರೇ ಗೊಂದಲದ ಮೂಲ. ಪಾಷಾಣಭೇದ ಅಂದರೆ ಕಲ್ಲು ಒಡೆಯುವಂಥದ್ದು. ಉತ್ತರದವರಿಗೆ ಅದು ಹಿಮಾಲಯದ ಬಂಡೆಗಳಲ್ಲಿ ಬೆಳೆಯುವ ಬರ್ಗೇನಿಯ. ಅದರ ಕುಟುಂಬಕ್ಕೆ ಹೆಸರು ಕೊಟ್ಟ ಸ್ಯಾಕ್ಸಿಫ್ರಾಗ ಎಂಬ ಲ್ಯಾಟಿನ್ ಪದಕ್ಕೂ ಕಲ್ಲು ಒಡೆಯುವುದು ಅಂತಲೇ ಅರ್ಥ. ನಮ್ಮ ಕಡೆ ಕಾಡುಬಸಳೆಯನ್ನೂ ಕಲ್ಲಿನ ಮದ್ದು ಅನ್ನುವವರಿದ್ದಾರೆ. ಹೊಳೆಯಲ್ಲಿ ಸಿಗುವ ಎರಡು ಗಿಡಗಳಿಗೂ ಅದೇ ಹೆಸರು ಅಂಟಿದೆ. ಒಂದು ರೋಟುಲ ಅಕ್ವಾಟಿಕ, ಇನ್ನೊಂದು ಹೊಮೊನೋಯ ರೈಪೇರಿಯ. ಎರಡಕ್ಕೂ 1790ರಲ್ಲಿ ಒಂದೇ ಪುಸ್ತಕದಲ್ಲಿ ಹೆಸರಿಟ್ಟವರು ಲೂರೇರೊ ಎಂಬ ಪೋರ್ಚುಗೀಸ್ ಪಾದ್ರಿ. ನಾವು ಇಲ್ಲಿ ಸಣ್ಣೆಲೆಯದು, ಉದ್ದೆಲೆಯದು ಅಂತ ಕರೆಯೋಣ.

ಮಳೆಗಾಲವಿಡೀ ಎರಡೂ ನೀರಿನಡಿಯಲ್ಲಿರುತ್ತವೆ. ಬಳುಕುವ ಕೊಂಬೆ, ಬಂಡೆಯ ಬಿರುಕಿಗೆ ಇಳಿದ ಗಟ್ಟಿ ಬೇರು. ನೆರೆ ಎಲೆ ಬೋಳಿಸಿದರೂ ಗಿಡ ಏಳುವುದಿಲ್ಲ. ಬೋಳು ಕೊಂಬೆ ನೋಡಿ ಹೇಳಹೊರಟರೆ ಯಾರೂ ತಪ್ಪಬಹುದು. ಚಿಗುರು ಬರುವ ತನಕ ಕಾಯಬೇಕು.

ಸಣ್ಣೆಲೆಯದು ಸಾಮಾನ್ಯವಾಗಿ ಸೊಂಟದೆತ್ತರದ ಪೊದೆ. ಎಲೆ ಬೆರಳಿನ ಒಂದು ಗೆಣ್ಣಿನಷ್ಟೇ ಉದ್ದ, ಬುಡ ಸಪೂರ, ತುದಿ ಅಗಲ, ಪುಟ್ಟ ಚಮಚದ ಹಾಗೆ. ಗಿಡ್ಡ ಕವಲುಗಳಲ್ಲಿ ಗೊಂಚಲಾಗಿ ಇರುತ್ತವೆ. ಹೂವು ನಸುಗೆಂಪು ಅಥವಾ ತಿಳಿನೇರಳೆ, ಐದು ಎಸಳು. ಹಣ್ಣು ಕಾಳುಮೆಣಸಿಗಿಂತ ಸಣ್ಣದು, ಹಣ್ಣಾದಾಗ ಕೆಂಪು.

ಉದ್ದೆಲೆಯದು ಆಳೆತ್ತರ ಮೀರಿಯೂ ಬೆಳೆಯುತ್ತದೆ. ಎಲೆ ಗೇಣುದ್ದದವರೆಗೆ, ಥೇಟ್ ಕಣಗಿಲೆ. ಎಲೆಯ ಅಡಿಭಾಗವನ್ನು ಬಿಸಿಲಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಹೊಟ್ಟಿನಂಥ ಚುಕ್ಕಿಗಳು ಕಾಣುತ್ತವೆ. ಇದರ ಹೂವಿಗೆ ಎಸಳೇ ಇಲ್ಲ, ಕಡ್ಡಿಯಂಥ ತೆನೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ತೆನೆ ಕೆಂಪು ಕೇಸರಗಳಿಂದ ತುಂಬಿರುತ್ತದೆ. ಹೆಣ್ಣಿನಲ್ಲಿ ಮೂರು ಹೋಳಿನ ಪುಟ್ಟ ಕಾಯಿ.

ಇನ್ನೊಂದು ಮಾತು, ಇದು ಮುಖ್ಯ. ಉದ್ದೆಲೆಯದು ಅಂತ ನಿಜವಾದ ಕಣಗಿಲೆಗೆ ಕೈ ಹಾಕಿದರೆ ಪ್ರಾಣಕ್ಕೇ ಅಪಾಯ. ಕಣಗಿಲೆಯ ಬೇರು, ಎಲೆ, ತೊಗಟೆ ಎಲ್ಲವೂ ಹೃದಯಕ್ಕೆ ವಿಷ. ಕಣಗಿಲೆಯಲ್ಲಿ ಒಂದೊಂದು ಗೆಣ್ಣಿಗೆ ಸಾಮಾನ್ಯವಾಗಿ ಮೂರು ಮೂರು ಎಲೆ ಸುತ್ತ ಇರುತ್ತವೆ. ನಮ್ಮ ಹೊಳೆಯ ಗಿಡದಲ್ಲಿ ಗೆಣ್ಣಿಗೆ ಒಂದೇ ಎಲೆ, ಒಂದು ಈ ಕಡೆ, ಮುಂದಿನದು ಆ ಕಡೆ. ಸಂಶಯ ಬಂದರೆ ಬಿಟ್ಟುಬಿಡಿ. ಒಣಗಿದ ಬೇರು ತಂದು 'ಇದು ಯಾವುದು' ಅಂತ ಕೇಳುವವರಿಗೆ ನಾನು ಉತ್ತರ ಹೇಳುವುದಿಲ್ಲ. ಎಲೆ ಇಲ್ಲದೆ ಅದು ಆಗುವ ಕೆಲಸವಲ್ಲ. ಕಲ್ಲಿನ ನೋವು ಇದ್ದವರು ಮೊದಲು ವೈದ್ಯರಲ್ಲಿ ತೋರಿಸಲಿ. ಮೂತ್ರ ಕಟ್ಟಿದರೆ, ಜ್ವರ ಬಂದರೆ ಕಷಾಯ ಕಾಯಿಸುತ್ತ ಕೂರುವ ಹೊತ್ತಲ್ಲ ಅದು.

ಈಗ ನಮ್ಮ ದರೆಯ ವಿಚಾರ. ಆ ಗೋಣಿ ಬೇರು ಹೋದ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ಮಣ್ಣು ಕುಸಿದು ಆರು ಅಡಿಕೆ ಮರ ಹೊಳೆಗೆ ಹೋದವು. ಬೇರು ಕಿತ್ತದ್ದೇ ಕಾರಣ ಅಂತ ಸಾಧಿಸಲಿಕ್ಕೆ ನನ್ನಿಂದಾಗದು, ನೆರೆಯೂ ಜೋರಿತ್ತು. ಆದರೆ ಹತ್ತು ಮಾರು ಮೇಲೆ, ಪೊದೆ ಉಳಿದಲ್ಲಿ, ದರೆ ಹಾಗೇ ಇತ್ತು. ಸಣ್ಣೆಲೆಯದರ ಕೊಂಬೆ ನೆಲಕ್ಕೆ ತಾಗಿದಲ್ಲೂ ಬೇರು ಬಿಡುತ್ತದೆ. ಅಂಥ ಬೇರಿನ ತುಂಡುಗಳನ್ನು ಕತ್ತರಿಸಿ, ನೀರು ಇಳಿದ ಕೂಡಲೇ ಕಲ್ಲುಗಳ ನಡುವೆ ಒತ್ತಿಟ್ಟಿದ್ದೇನೆ. ಅರ್ಧದಷ್ಟು ಚಿಗುರಿವೆ. ಮದ್ದಿಗೆ ಬಂದವರಿಗೂ ಈಗ ಬೇರು ಕೊಡುವುದಿಲ್ಲ, ನೆಟ್ಟುಕೊಳ್ಳಿ ಅಂತ ಎರಡು ಕೊಂಬೆ ಕೊಡುತ್ತೇನೆ.